ನ್ಯೂರಾಲಜಿಸ್ಟ್ (ಮೆದುಳು, ನರಗಳ ತಜ್ಞರು) ಹತ್ತಿರ ಮೊದಲ ಸಲ ಹೋಗುತ್ತಿದ್ದೇನೆ. ಒಳಗೆ ಏನೇನು ಮಾಡುತ್ತಾರೆ?

ಹೊಂಗೆನೆರಳು
ಎಲ್ಲರಿಗೂ ನಮಸ್ಕಾರ. ತಲೆನೋವು ನನಗೆ ಕಾಲೇಜು ದಿನಗಳಿಂದಲೂ ಇದೆ, ಒಗ್ಗಿಹೋಗಿದೆ. ಆದರೆ ಈಚೆಗೆ ಬರುವುದು ಜಾಸ್ತಿಯಾಗಿದೆ. ಜೊತೆಗೆ ಬಲಗೈ ಬೆರಳುಗಳು ಜೋಮು ಹಿಡಿಯುತ್ತವೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು. ಯಾವಾಗಲೂ ತೋರಿಸುವ ಡಾಕ್ಟರು ಎಲ್ಲ ಕೇಳಿಸಿಕೊಂಡು, "ಒಂದು ಸಲ ನ್ಯೂರಾಲಜಿಸ್ಟ್ ನೋಡಲಿ" ಎಂದು ಚೀಟಿ ಬರೆದುಕೊಟ್ಟರು. ಮುಂದಿನ ವಾರ ಅಪಾಯಿಂಟ್‌ಮೆಂಟ್.

ಚೀಟಿ ಕೈಗೆ ಬಂದಾಗಿನಿಂದ ಬೇರೆ ಯೋಚನೆಯೇ ಇಲ್ಲ. ಅವತ್ತೇ ಸ್ಕ್ಯಾನ್ ಮಾಡುತ್ತಾರಾ? ಸೂಜಿ ಚುಚ್ಚುತ್ತಾರಾ? ಬೆನ್ನಿನಿಂದ ನೀರು ತೆಗೆಯುತ್ತಾರೆ ಎಂದು ಒಬ್ಬರು ಹೇಳಿ ಹೆದರಿಸಿದರು. ಒಬ್ಬಳೇ ಹೋದರೆ ಸಾಕಾ, ಯಾರನ್ನಾದರೂ ಕರೆದುಕೊಂಡು ಹೋಗಬೇಕಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಸಣ್ಣಮಾತು
ಮೊದಲ ದಿನ ಮುಕ್ಕಾಲು ಪಾಲು ಬರೀ ಮಾತು. ಹೆದರಬೇಡಿ.

ಶ್ಯಾಮಲಕ್ಕ
ಹೌದು, ಮಾತೇ ಜಾಸ್ತಿ. ನಾನು ಮೈಗ್ರೇನ್‌ಗೆ ಹೋಗುತ್ತಿರುವವಳು. ಮೊದಲ ಭೇಟಿಯಲ್ಲಿ ಡಾಕ್ಟರು ಕೇಳಿದ ಪ್ರಶ್ನೆಗಳಿಗೆ ಅರ್ಧಕ್ಕರ್ಧ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ತಿಂಗಳಿಗೆ ಎಷ್ಟು ದಿನ ನೋವು? ಒಂದು ಸಲ ಬಂದರೆ ಎಷ್ಟು ಗಂಟೆ ಇರುತ್ತದೆ? ಒಂದೇ ಪಕ್ಕವೋ ಎರಡೂ ಪಕ್ಕವೋ? ಬೆಳಕು, ಸದ್ದು ಸಹಿಸಲು ಆಗುತ್ತದಾ? ವಾಂತಿ ಬರುತ್ತದಾ? ಮುಟ್ಟಿನ ದಿನಗಳಿಗೂ ಇದಕ್ಕೂ ಸಂಬಂಧ ಇದೆಯಾ? ನೋವು ಶುರುವಾಗುವ ಮುಂಚೆ ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಏನಾದರೂ ಕಾಣುತ್ತದಾ?

ಹೊಂಗೆನೆರಳು ಅವರೇ, ಇನ್ನೂ ಒಂದು ವಾರ ಇದೆಯಲ್ಲ, ಇವತ್ತಿನಿಂದಲೇ ಬರೆದಿಡಿ. ದಿನ, ಹೊತ್ತು, ಎಷ್ಟು ಜೋರು, ಯಾವ ಮಾತ್ರೆ ತೆಗೆದುಕೊಂಡಿರಿ, ಕೇಳಿತಾ ಇಲ್ಲವಾ. ಅಷ್ಟೇ ಸಾಕು. ಮಾತ್ರೆ ಲೆಕ್ಕ ಮಾತ್ರ ಒಂದೂ ಬಿಡಬೇಡಿ. ಅವರು ಕೇಳೇ ಕೇಳುತ್ತಾರೆ.

ದಾರಿಹೋಕ
ನನ್ನ ಸಲಹೆ ಕೇಳಿದರೆ, ಮೊದಲೇ ತಲೆಯ ಎಂಆರ್‌ಐ ಮಾಡಿಸಿಕೊಂಡು ಹೋಗಿ. ಹೇಗೂ ಬರೆದುಕೊಡುತ್ತಾರೆ. ಒಂದು ಓಡಾಟ ಉಳಿಯುತ್ತದೆ.

ಓಪಿಡಿ_ವೈದ್ಯೆ
ದಾರಿಹೋಕ ಅವರೇ, ಇದನ್ನು ನಾನು ಒಪ್ಪುವುದಿಲ್ಲ. ನಾನು ನ್ಯೂರಾಲಜಿಸ್ಟ್ ಅಲ್ಲ, ಜನರಲ್ ಮೆಡಿಸಿನ್. ಆದರೆ ಇಂಥ ಚೀಟಿ ಬರೆಯುವ ಕಡೆ ಕೂತಿರುವವಳು.

ಮೊದಲೇ ಎಂಆರ್‌ಐ ಅಂದರೆ ಯಾವ ಭಾಗದ್ದು? ಇವರಿಗೆ ಕೈ ಜೋಮು ಇದೆ. ಕಾರಣ ಮೆದುಳಲ್ಲಿ ಇರಬಹುದು, ಕುತ್ತಿಗೆಯಲ್ಲಿ ಇರಬಹುದು, ಮೊಣಕೈಯಲ್ಲಿ ಇರಬಹುದು, ಮಣಿಕಟ್ಟಿನಲ್ಲೂ ಇರಬಹುದು. ಎಲ್ಲಿ ಹುಡುಕಬೇಕು ಎಂದು ತೋರಿಸುವುದೇ ನ್ಯೂರಾಲಜಿಸ್ಟ್ ಮಾಡುವ ಪರೀಕ್ಷೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದ್ದರೆ ತಲೆಯ ಎಂಆರ್‌ಐ ಅದಕ್ಕೆ ಏನೂ ಹೇಳುವುದಿಲ್ಲ.

ಇನ್ನೊಂದು ವಿಷಯ. ಮೈಗ್ರೇನ್ ಇರುವವರ ಎಂಆರ್‌ಐನಲ್ಲಿ ಸಣ್ಣ ಬಿಳಿ ಚುಕ್ಕೆಗಳು ಕಾಣುವುದು ಸಾಮಾನ್ಯ. ವಯಸ್ಸಾದವರಲ್ಲಂತೂ ಇನ್ನೂ ಸಾಮಾನ್ಯ. ರಿಪೋರ್ಟ್‌ನಲ್ಲಿ ಅದನ್ನು ಓದಿ, ಡಾಕ್ಟರನ್ನು ಕಾಣುವವರೆಗೆ ನಿದ್ದೆ ಬಿಟ್ಟು ಕೂತವರನ್ನು ನಾನು ನೋಡಿದ್ದೇನೆ. ಹಳೇ ಮೈಗ್ರೇನ್, ಪರೀಕ್ಷೆಯಲ್ಲಿ ಯಾವ ತೊಂದರೆಯೂ ಕಾಣಲಿಲ್ಲ ಅಂದರೆ ಸ್ಕ್ಯಾನೇ ಬೇಡ ಎನ್ನುವುದೂ ಉಂಟು. ತಲೆನೋವಿನ ರೀತಿ ಬದಲಾಗಿದ್ದರೆ ಬೇಕಾಗಬಹುದು. ಅದನ್ನು ನೋಡಿದವರು ನಿರ್ಧರಿಸಲಿ.

ದಾರಿಹೋಕ
ಚುಕ್ಕೆ ವಿಷಯ ಗೊತ್ತಿರಲಿಲ್ಲ ಮೇಡಂ. ಆದರೂ ಒಂದು ಮಾತು. ಸ್ಕ್ಯಾನ್ ಕ್ಲಿಯರ್ ಅಂದರೆ ಮನಸ್ಸಿಗೆ ಸಮಾಧಾನ ಅಲ್ವಾ? ಅದಕ್ಕೂ ಬೆಲೆ ಇದೆ.

ಗುಡುಗು
ಸ್ಕ್ಯಾನ್ ಕ್ಲಿಯರ್ ಅಂದರೆ ಸಮಾಧಾನ ಅನ್ನುವವರು ನನ್ನ ಕಥೆ ಕೇಳಿ. ನನಗೆ ಎಡಗಾಲು ಸೋಲುತ್ತಿತ್ತು, ನಡೆಯುತ್ತಾ ನಡೆಯುತ್ತಾ ಎಳೆಯುತ್ತಿತ್ತು. ಮೊದಲು ನೋಡಿದ ತಜ್ಞರು ನನ್ನ ಮಾತು ಪೂರ್ತಿ ಕೇಳಲಿಲ್ಲ. ಫಿಲ್ಮ್ ನೋಡಿ "ನಾರ್ಮಲ್, ಏನೂ ಇಲ್ಲ, ಟೆನ್ಷನ್ ಬಿಡಿ" ಎಂದು ಕಳಿಸಿದರು. ಏನೂ ಇಲ್ಲದಿದ್ದರೆ ಕಾಲು ಯಾಕೆ ಎಳೆಯುತ್ತಿದೆ? ಆ ಪ್ರಶ್ನೆಗೆ ಉತ್ತರ ಕೊಡುವವರೇ ಇಲ್ಲ.

ಆಮೇಲೆ ಬೇರೆಯವರ ಹತ್ತಿರ ಹೋದೆ. ಅವರು ನನ್ನನ್ನು ಮಲಗಿಸಿ, ಸೋಲುವ ಕಾಲಿನ ಹಿಮ್ಮಡಿ ಕೆಳಗೆ ಕೈ ಇಟ್ಟರು. ಆ ಕಾಲನ್ನು ಕೆಳಗೆ ಒತ್ತಲು ಹೇಳಿದಾಗ ಶಕ್ತಿಯೇ ಬರಲಿಲ್ಲ. ಅದೇ ಇನ್ನೊಂದು ಕಾಲನ್ನು ಮೇಲೆತ್ತಲು ಹೇಳಿದಾಗ, ಸೋಲುವ ಕಾಲು ತಾನಾಗಿಯೇ ಅವರ ಕೈಯನ್ನು ಗಟ್ಟಿಯಾಗಿ ಒತ್ತಿತು. ಇದಕ್ಕೆ ಹೂವರ್ ಚಿಹ್ನೆ ಅನ್ನುತ್ತಾರಂತೆ. ಕಾಲಿನ ನರ, ಸ್ನಾಯು ಎಲ್ಲ ಸರಿ ಇದೆ, ಮೆದುಳು ಅವುಗಳನ್ನು ನಡೆಸುವ ರೀತಿ ತಪ್ಪಿದೆ, ಇದು ನೀವು ಬೇಕೆಂದು ಮಾಡುತ್ತಿರುವುದಲ್ಲ, ನಿಜವಾದ ಕಾಯಿಲೆ, ಫಂಕ್ಷನಲ್ ನ್ಯೂರಾಲಾಜಿಕಲ್ ಡಿಸಾರ್ಡರ್ ಎಂದು ಬಿಡಿಸಿ ಹೇಳಿದರು. ಫಿಸಿಯೋಥೆರಪಿ ಶುರುವಾಯಿತು, ನಡಿಗೆ ಸುಧಾರಿಸಿತು. ಸ್ಕ್ಯಾನ್ ಅದೇ. ಬದಲಾಗಿದ್ದು ಕೈಯಿಂದ ಮುಟ್ಟಿ ನೋಡಿದವರು.

ಓಪಿಡಿ_ವೈದ್ಯೆ
ಗುಡುಗು ಅವರೇ, ಎಲ್ಲರೂ ಓದಬೇಕಾದ ಮಾತು ಇದು. "ರಿಪೋರ್ಟ್ ನಾರ್ಮಲ್" ಬೇರೆ, "ನಿಮಗೆ ಏನೂ ಆಗಿಲ್ಲ" ಬೇರೆ. ಎರಡನ್ನೂ ಒಂದು ಮಾಡಿ ಹೇಳುವ ವೈದ್ಯರ ಮೇಲೆ ನಿಮಗೆ ಕೋಪ ಬಂದಿದ್ದು ನ್ಯಾಯವೇ.

ಹೊಂಗೆನೆರಳು
ಅಯ್ಯೋ, ಇಷ್ಟು ಬೇಗ ಇಷ್ಟೊಂದು ಉತ್ತರ! ತುಂಬಾ ಥ್ಯಾಂಕ್ಸ್. ಆ ಕೈಯಿಂದ ಮಾಡುವ ಪರೀಕ್ಷೆ ಅಂದರೆ ಏನೇನು? ನೋವಾಗುತ್ತದಾ? ಬಟ್ಟೆ ಬಿಚ್ಚಬೇಕಾ?

ಓಪಿಡಿ_ವೈದ್ಯೆ
ನೋವಾಗುವುದಿಲ್ಲ. ಸಡಿಲವಾದ ಬಟ್ಟೆ ಹಾಕಿಕೊಂಡು ಹೋಗಿ. ತೋಳು ಮೊಣಕೈವರೆಗೆ, ಕಾಲು ಮಂಡಿವರೆಗೆ ಸುಲಭವಾಗಿ ಸರಿಸುವಂತಿರಲಿ. ಚಪ್ಪಲಿ ಬೇಗ ಬಿಚ್ಚುವಂಥದ್ದಾಗಿರಲಿ, ಪಾದ ನೋಡೇ ನೋಡುತ್ತಾರೆ.

ನೀವು ಬಾಗಿಲಿಂದ ಕುರ್ಚಿವರೆಗೆ ನಡೆದು ಬರುವಾಗಲೇ ಪರೀಕ್ಷೆ ಶುರುವಾಗಿರುತ್ತದೆ. ಹೆಜ್ಜೆ ಹೇಗಿದೆ, ಎರಡೂ ಕೈ ಬೀಸುತ್ತವಾ, ಮಾತು ತೊದಲುತ್ತದಾ ಎಂದು ಗಮನಿಸುತ್ತಿರುತ್ತಾರೆ. ಆಮೇಲೆ ಕಣ್ಣಿಗೆ ಟಾರ್ಚ್ ಬಿಟ್ಟು ಪಾಪೆ ಕುಗ್ಗುತ್ತದಾ ನೋಡುತ್ತಾರೆ. ತಲೆ ಅಲ್ಲಾಡಿಸದೆ ಅವರ ಬೆರಳನ್ನು ಕಣ್ಣಿನಿಂದಲೇ ಹಿಂಬಾಲಿಸಬೇಕು. ಹಲ್ಲು ತೋರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ನಾಲಿಗೆ ಹೊರಹಾಕಿ, ಭುಜ ಎತ್ತಿ ಅನ್ನುತ್ತಾರೆ. ಮೆದುಳಿಂದ ನೇರವಾಗಿ ಹೊರಡುವ 12 ಜೋಡಿ ನರಗಳಿವೆ, ಇದೆಲ್ಲ ಅವುಗಳ ಪರೀಕ್ಷೆ.

ತಲೆನೋವಿಗೆ ಹೋದವರಿಗೆ ತುಂಬಾ ಮುಖ್ಯವಾದದ್ದು ಇನ್ನೊಂದಿದೆ. ಕೈಯಲ್ಲಿ ಹಿಡಿಯುವ ಒಂದು ಸಣ್ಣ ಉಪಕರಣದಿಂದ ಕಣ್ಣಿನ ಹಿಂಭಾಗ ನೋಡುತ್ತಾರೆ. ತಲೆಬುರುಡೆಯ ಒಳಗೆ ಒತ್ತಡ ಏರಿದ್ದರೆ ಅಲ್ಲಿ ನರದ ತುದಿ ಊದಿಕೊಂಡಿರುವುದು ಕಾಣಬಹುದು. ಡಾಕ್ಟರ ಮುಖ ನಿಮ್ಮ ಮುಖಕ್ಕೆ ತೀರಾ ಹತ್ತಿರ ಬರುತ್ತದೆ, ಗಾಬರಿಯಾಗಬೇಡಿ.

ಕೈಕಾಲಿನ ಶಕ್ತಿ ನೋಡಲು ತಳ್ಳಿ, ಎಳೆಯಿರಿ ಅನ್ನುತ್ತಾರೆ. ಅದಕ್ಕೆ 0 ಯಿಂದ 5 ರವರೆಗೆ ಅಂಕ. ಚೀಟಿಯಲ್ಲಿ 5/5 ಎಂದು ಬರೆದಿದ್ದರೆ ಶಕ್ತಿ ಪೂರ್ತಿ ಇದೆ ಎಂದರ್ಥ. ಎರಡೂ ಕೈ ಮುಂದೆ ಚಾಚಿ ಅಂಗೈ ಮೇಲೆ ಮಾಡಿ ಕಣ್ಣು ಮುಚ್ಚಿಸುತ್ತಾರೆ. ಒಂದು ಕೈ ಗೊತ್ತಿಲ್ಲದೆಯೇ ತಿರುಗುತ್ತಾ ಕೆಳಗೆ ಜಾರಿದರೆ ಅದೊಂದು ಸುಳಿವು. ಹತ್ತಿ, ಚೂಪಾದ ಕಡ್ಡಿ ಮುಟ್ಟಿಸಿ ಎರಡೂ ಕಡೆ ಒಂದೇ ಥರ ಗೊತ್ತಾಗುತ್ತದಾ ಕೇಳುತ್ತಾರೆ. ಟ್ಯೂನಿಂಗ್ ಫೋರ್ಕ್ ಬಡಿದು ಕಾಲಿನ ಹೆಬ್ಬೆರಳ ಮೇಲೆ ಇಡುತ್ತಾರೆ, ನಡುಕ ಯಾವಾಗ ನಿಂತಿತು ಹೇಳಬೇಕು. ಇದೊಂದೇ ಕಡೆ ಜನ ತಪ್ಪು ಮಾಡುತ್ತಾರೆ. ಡಾಕ್ಟರಿಗೆ ಸಂತೋಷವಾಗಲಿ ಎಂದು "ಹೂಂ ಗೊತ್ತಾಗುತ್ತೆ" ಅನ್ನಬೇಡಿ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅನ್ನಿ.

ನಿದ್ದೆಗೇಡಿ
ಸುತ್ತಿಗೆ ಬಿಟ್ಟಿರಲ್ಲ ಮೇಡಂ! ಮಂಡಿ ಕೆಳಗೆ ಬಡಿದಾಗ ಕಾಲು ತಾನಾಗಿ ಒದ್ದುಕೊಳ್ಳುವುದು ನೋಡಲು ಮಜಾ ಇರುತ್ತದೆ. ನನಗೆ ಒಂದು ಸಲ ಬರಲೇ ಇಲ್ಲ. ಎರಡೂ ಕೈ ಬೆರಳು ಕೊಂಡಿ ಹಾಕಿ ಎಳೆಯಲು ಹೇಳಿ ಮತ್ತೆ ಬಡಿದರು, ಆಗ ಬಂತು.

ಹಳೇಪೆನ್ನು
ಆ ಮಂಡಿ ಬಡಿತಕ್ಕೆ ಒಳ್ಳೆ ಚರಿತ್ರೆ ಇದೆ. 1875 ರಲ್ಲಿ ಜರ್ಮನಿಯ ಎರ್ಬ್ ಮತ್ತು ವೆಸ್ಟ್‌ಫಾಲ್ ಎಂಬ ಇಬ್ಬರು ವೈದ್ಯರು ಅದನ್ನು ಬೇರೆ ಬೇರೆಯಾಗಿ ಬರೆದು ಪ್ರಕಟಿಸಿದರು. ಅಂಗಾಲನ್ನು ಹಿಮ್ಮಡಿಯಿಂದ ಬೆರಳ ಕಡೆಗೆ ಗೀರುವ ಪರೀಕ್ಷೆಯನ್ನು ಬ್ಯಾಬಿನ್ಸ್ಕಿ 1896 ರಲ್ಲಿ ಹೇಳಿದರು. ದೊಡ್ಡವರಲ್ಲಿ ಹೆಬ್ಬೆರಳು ಕೆಳಕ್ಕೆ ಬಾಗಬೇಕು. ಮೇಲಕ್ಕೆ ಎದ್ದರೆ ಮೆದುಳು ಅಥವಾ ಬೆನ್ನುಹುರಿಯ ದಾರಿಯಲ್ಲಿ ತೊಂದರೆ. ಪುಟ್ಟ ಮಕ್ಕಳಲ್ಲಿ ಮೇಲಕ್ಕೆ ಏಳುವುದೇ ಸಹಜ. ನೂರು ವರ್ಷ ದಾಟಿದರೂ ಇವತ್ತಿಗೂ ಇದೇ ಪರೀಕ್ಷೆ ಮಾಡುತ್ತಾರೆ, ಇದಕ್ಕೆ ಯಂತ್ರ ಬೇಡ, ಒಂದು ಕೀಲಿಕೈ ತುದಿ ಸಾಕು.

ಮುಂಜಾವು
ಕಚಗುಳಿ ಇರುವವರ ಗತಿ? ನಾನಂತೂ ಕಾಲು ಎಳೆದುಕೊಂಡುಬಿಡುತ್ತೇನೆ.

ಓಪಿಡಿ_ವೈದ್ಯೆ
ಅದು ದಿನವೂ ನೋಡುವುದೇ. ಆಗ ಪಾದದ ಹೊರ ಅಂಚಿನಲ್ಲಿ ಗೀರಿ ನೋಡುತ್ತಾರೆ.

ಕಾಗದದೋಣಿ
ಯಾರನ್ನಾದರೂ ಕರೆದುಕೊಂಡು ಹೋಗಬೇಕಾ ಎಂದು ಕೇಳಿದಿರಲ್ಲ, ಅದಕ್ಕೆ ನನ್ನ ಅನುಭವ ಹೇಳುತ್ತೇನೆ. ನನ್ನ ತಂದೆಗೆ ಬಲಗೈ ನಡುಕ. ನಾನು, ಅಮ್ಮ ಇಬ್ಬರೂ ಜೊತೆಗೆ ಹೋಗಿದ್ದೆವು. ಡಾಕ್ಟರು ಅಪ್ಪನನ್ನು ಏನು ಕೇಳಿದರೂ ಅಮ್ಮನೇ ಉತ್ತರ ಕೊಡುತ್ತಿದ್ದರು. ಡಾಕ್ಟರು ಮೆತ್ತಗೆ, "ಅಮ್ಮಾ, ಅವರೇ ಹೇಳಲಿ. ಅವರು ಹೇಗೆ ಹೇಳುತ್ತಾರೆ ಅನ್ನುವುದೂ ನನಗೆ ಬೇಕು" ಎಂದರು. ಆಗ ಅರ್ಥವಾಯಿತು. ಮಾತಿನ ವೇಗ, ದನಿ, ಮುಖದ ಭಾವ, ನೆನಪು ಎಲ್ಲವನ್ನೂ ಅವರು ಆ ಉತ್ತರದಲ್ಲೇ ನೋಡುತ್ತಿದ್ದರು.

ಆಮೇಲೆ ಅಮ್ಮನಿಗೂ ಸರದಿ ಬಂತು. ರಾತ್ರಿ ನಿದ್ದೆಯಲ್ಲಿ ಕೂಗುತ್ತಾರಾ, ಕೈಕಾಲು ಬೀಸುತ್ತಾರಾ? ವಾಸನೆ ಗೊತ್ತಾಗುವುದು ಕಡಿಮೆಯಾಗಿದೆಯಾ? ಮಲಬದ್ಧತೆ ಇದೆಯಾ? ನಡುಕಕ್ಕೂ ಇದಕ್ಕೂ ಏನು ಸಂಬಂಧ ಎಂದು ನಮಗೆ ಆಶ್ಚರ್ಯ. ಪಾರ್ಕಿನ್ಸನ್ ಎಂಬ ಮೆದುಳಿನ ಕಾಯಿಲೆಯಲ್ಲಿ ಇವೆಲ್ಲ ನಡುಕಕ್ಕೂ ವರ್ಷಗಟ್ಟಲೆ ಮೊದಲೇ ಬರಬಹುದಂತೆ. ಒಂದು ಹಾಳೆ ಕೊಟ್ಟು ಒಂದು ವಾಕ್ಯ ಬರೆಸಿದರು, ಸುರುಳಿ ಗೆರೆ ಎಳೆಸಿದರು. ಸಾಲು ಮುಂದೆ ಹೋದ ಹಾಗೆ ಅಪ್ಪನ ಅಕ್ಷರ ಚಿಕ್ಕದಾಗುತ್ತಾ ಹೋಯಿತು. ನಾವು ದಿನಾ ಜೊತೆಗಿದ್ದೂ ಅದನ್ನು ಗಮನಿಸಿರಲಿಲ್ಲ.

ಗಡಿಯಾರದ ಚಿತ್ರ ಬರೆಯಿರಿ, ಈ ಪದಗಳನ್ನು ನೆನಪಿಟ್ಟುಕೊಂಡು ಆಮೇಲೆ ಹೇಳಿ, 100 ರಿಂದ ಏಳೇಳು ಕಳೆಯುತ್ತಾ ಹೋಗಿ ಎಂದಾಗ ಅಪ್ಪನಿಗೆ ಸಿಟ್ಟು ಬಂತು. "ನನ್ನನ್ನು ಹುಚ್ಚ ಅಂದುಕೊಂಡಿದ್ದೀರಾ" ಎಂದರು. ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರು ಇದನ್ನು ಮುಂಚೆಯೇ ತಿಳಿಸಿಡಿ. ಇದು ಎಲ್ಲರಿಗೂ ಕೇಳುವ ಪ್ರಶ್ನೆ, ಅವಮಾನ ಅಲ್ಲ.

ದಾರಿಹೋಕ
ಪಾರ್ಕಿನ್ಸನ್ ಎಂದು ಖಚಿತವಾಗಿದ್ದು ಎಂಆರ್‌ಐನಲ್ಲೇ ಅಲ್ವಾ?

ಕಾಗದದೋಣಿ
ಇಲ್ಲ. ಮಾಮೂಲಿ ಎಂಆರ್‌ಐನಲ್ಲಿ ಪಾರ್ಕಿನ್ಸನ್ ಸಾಮಾನ್ಯವಾಗಿ ಕಾಣುವುದೇ ಇಲ್ಲವಂತೆ. ಬೇರೆ ಕಾರಣ ಏನಾದರೂ ಇದೆಯಾ ನೋಡಲು ಮಾಡಿಸಿದರು. ಕೈಯನ್ನು ತೊಡೆಯ ಮೇಲೆ ಸುಮ್ನೆ ಇಟ್ಟಾಗ ನಡುಗುತ್ತದಾ, ಲೋಟ ಹಿಡಿದಾಗ ನಡುಗುತ್ತದಾ ಎಂದು ನೋಡಿದ್ದು, ಮಣಿಕಟ್ಟು ತಿರುಗಿಸಿ ಬಿಗಿತ ನೋಡಿದ್ದು, ಬೆರಳು ಬಡಿಸಿ ನಿಧಾನ ನೋಡಿದ್ದು, ಅದರಿಂದಲೇ ಹೇಳಿದರು. ಮಾತ್ರೆಗೆ ದೇಹ ಹೇಗೆ ಸ್ಪಂದಿಸುತ್ತದೆ ಅನ್ನುವುದೂ ಲೆಕ್ಕಕ್ಕೆ ಬಂತು.

ಮೌನಿ
ನಾನು ಇಲ್ಲಿ ಬರೆಯುವುದು ಕಡಿಮೆ. ಆದರೆ ಜೊತೆಗೆ ಯಾರಾದರೂ ಬರಲೇಬೇಕು ಅನ್ನುವ ಸಂದರ್ಭ ಒಂದಿದೆ, ಅದನ್ನು ಹೇಳಲೇಬೇಕು. ಪ್ರಜ್ಞೆ ತಪ್ಪುವುದು, ಫಿಟ್ಸ್ ಥರ ಆಗುವುದು ಇದ್ದರೆ ರೋಗಿಗೆ ಆ ಹೊತ್ತಿನದು ಏನೂ ನೆನಪಿರುವುದಿಲ್ಲ. ನೋಡಿದವರು ಬರಬೇಕು. ನನ್ನ ಹೆಂಡತಿಗೆ ಆಗುತ್ತಿತ್ತು. ಡಾಕ್ಟರು ಅವಳಿಗಿಂತ ನನ್ನನ್ನೇ ಜಾಸ್ತಿ ಕೇಳಿದರು. ಕಣ್ಣು ತೆರೆದಿತ್ತಾ ಮುಚ್ಚಿತ್ತಾ, ತಲೆ ಯಾವ ಕಡೆ ತಿರುಗಿತು, ಮೊದಲು ಯಾವ ಕೈ ಅದುರಿತು, ನಾಲಿಗೆ ಕಚ್ಚಿಕೊಂಡಿದ್ದು ಪಕ್ಕದಲ್ಲಾ ತುದಿಯಲ್ಲಾ, ಎದ್ದ ಮೇಲೆ ಎಷ್ಟು ಹೊತ್ತು ಗೊಂದಲ ಇತ್ತು.

ಸಾಧ್ಯವಾದರೆ ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ನಾನು ಮಾಡಿದ್ದ ಸಣ್ಣ ವಿಡಿಯೋವನ್ನು ಡಾಕ್ಟರು ಮತ್ತೆ ಮತ್ತೆ ನೋಡಿದರು.

ಮುಂಜಾವು
ಹೆಂಡತಿ ನೆಲಕ್ಕೆ ಬಿದ್ದು ಒದ್ದಾಡುವಾಗ ವಿಡಿಯೋ ಮಾಡುವುದಾ? ನನಗೆ ಆಗಲ್ಲಪ್ಪ. ಕ್ಷಮಿಸಿ, ಅದು ಸರಿ ಅನ್ನಿಸುವುದಿಲ್ಲ.

ಮೌನಿ
ನಿಮ್ಮ ಮಾತು ಅರ್ಥವಾಗುತ್ತದೆ. ಮೊದಲ ಕೆಲಸ ಅವರನ್ನು ಕಾಪಾಡುವುದು. ಹತ್ತಿರದ ಗಟ್ಟಿ ವಸ್ತು ಸರಿಸಬೇಕು, ತಲೆ ಕೆಳಗೆ ಮೆತ್ತನೆಯದು ಇಡಬೇಕು, ಅದುರುವುದು ನಿಂತ ಕೂಡಲೇ ಪಕ್ಕಕ್ಕೆ ಹೊರಳಿಸಬೇಕು. ಬಾಯಿಗೆ ಚಮಚ, ನೀರು ಏನೂ ಹಾಕಬಾರದು. ಬಲವಂತವಾಗಿ ಹಿಡಿಯಬಾರದು. ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ ತುರ್ತು ಪರಿಸ್ಥಿತಿ, ಆಂಬುಲೆನ್ಸ್ ಕರೆಯಬೇಕು. ಇಷ್ಟೆಲ್ಲ ಮಾಡಿದ ಮೇಲೂ ಒಂದು ಕೈ ಖಾಲಿ ಇದ್ದರೆ ವಿಡಿಯೋ. ಅದನ್ನು ಡಾಕ್ಟರಿಗೆ ಬಿಟ್ಟು ಯಾರಿಗೂ ತೋರಿಸಿಲ್ಲ. ಅವಳ ಒಪ್ಪಿಗೆಯೂ ಇತ್ತು. ಆ ವಿಡಿಯೋ ಇಲ್ಲದಿದ್ದರೆ ಸರಿಯಾದ ಔಷಧಿ ಸಿಗುವುದು ಇನ್ನೂ ತಡವಾಗುತ್ತಿತ್ತು.

ಮುಂಜಾವು
ಹೀಗೆ ಹೇಳಿದರೆ ಒಪ್ಪುತ್ತೇನೆ. ಅವರು ಈಗ ಹೇಗಿದ್ದಾರೆ?

ಮೌನಿ
ಚೆನ್ನಾಗಿದ್ದಾಳೆ. ಮಾತ್ರೆ ಒಂದು ಹೊತ್ತೂ ತಪ್ಪಿಸುವುದಿಲ್ಲ. ಕಾರು ಓಡಿಸುವುದನ್ನು ಡಾಕ್ಟರು ಸದ್ಯಕ್ಕೆ ನಿಲ್ಲಿಸಿದ್ದಾರೆ, ಅದೊಂದೇ ಅವಳಿಗೆ ಬೇಜಾರು. ಮೊದಲ ಭೇಟಿಯಲ್ಲೇ ವಾಹನ, ಈಜು, ಎತ್ತರದ ಕೆಲಸ ಇವೆಲ್ಲದರ ಬಗ್ಗೆ ಕೇಳಿಬಿಡಿ.

ಅಲೆಗೆರೆ
ಇಇಜಿ, ಅಂದರೆ ಮೆದುಳಿನ ವಿದ್ಯುತ್ತನ್ನು ದಾಖಲಿಸುವ ಪರೀಕ್ಷೆ, ಅದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹೊಂಗೆನೆರಳು ಅವರಿಗೆ ಇಇಜಿ ಬೇಕಾಗುವ ಸಾಧ್ಯತೆ ಕಡಿಮೆ, ಬರೀ ತಲೆನೋವಿಗೆ ಅದನ್ನು ಮಾಡುವುದಿಲ್ಲ. ಆದರೂ ಇದನ್ನು ಓದುತ್ತಿರುವ ಬೇರೆಯವರಿಗೆ ಹೇಳುತ್ತೇನೆ.

ಹಿಂದಿನ ದಿನ ತಲೆ ತೊಳೆದುಕೊಂಡು ಬನ್ನಿ. ಎಣ್ಣೆ, ಜೆಲ್ ಬೇಡ, ತಂತಿಯ ತುದಿ ಅಂಟುವುದಿಲ್ಲ. ಆ ತಂತಿಗಳು ಕರೆಂಟ್ ಕೊಡುವುದಿಲ್ಲ. ಮೆದುಳಲ್ಲಿ ಆಗಲೇ ಓಡುತ್ತಿರುವ ಸಣ್ಣ ವಿದ್ಯುತ್ತನ್ನು ಬರೆದುಕೊಳ್ಳುತ್ತವೆ, ಅಷ್ಟೇ. "ಶಾಕ್ ಕೊಡುತ್ತೀರಾ" ಎಂದು ಅಳುತ್ತಾ ಬರುವವರು ಇದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮಾಮೂಲಿ ಪರೀಕ್ಷೆಗೆ 20 ರಿಂದ 40 ನಿಮಿಷ. ಮಧ್ಯೆ ಕೆಲವು ನಿಮಿಷ ಜೋರಾಗಿ ಉಸಿರಾಡಲು ಹೇಳುತ್ತೇವೆ, ಮಿನುಗುವ ದೀಪ ತೋರಿಸುತ್ತೇವೆ. ಕೆಲವರಿಗೆ ಹಿಂದಿನ ರಾತ್ರಿ ನಿದ್ದೆ ಕಡಿಮೆ ಮಾಡಿ ಬರಲು ಹೇಳುತ್ತಾರೆ. ಹಾಗೆ ಹೇಳಿದ್ದರೆ ವಾಹನ ಓಡಿಸಿಕೊಂಡು ಬರಬೇಡಿ. ಮಾತ್ರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರು ಹೇಳಿದರಷ್ಟೇ.

ಇಇಜಿ ನಾರ್ಮಲ್ ಬಂದರೆ ಎಪಿಲೆಪ್ಸಿ (ಫಿಟ್ಸ್ ಕಾಯಿಲೆ) ಇಲ್ಲ ಎಂದಲ್ಲ. ಆ ಅರ್ಧ ಗಂಟೆಯಲ್ಲಿ ಏನೂ ಸಿಗಲಿಲ್ಲ ಎಂದಷ್ಟೇ ಅರ್ಥ.

ಹೊಂಗೆನೆರಳು
ಬೆನ್ನಿನ ನೀರಿನ ವಿಷಯ ಯಾರೂ ಹೇಳಲಿಲ್ಲ. ನನಗೆ ಅದೇ ದೊಡ್ಡ ಭಯ.

ಓಪಿಡಿ_ವೈದ್ಯೆ
ಮೊದಲ ಭೇಟಿಯ ದಿನ ಓಪಿಡಿ ಕೋಣೆಯಲ್ಲಿ ಅದನ್ನು ಮಾಡುವುದಿಲ್ಲ. ಮೆದುಳಿನ ಸೋಂಕು, ನರಗಳ ಉರಿಯೂತ, ತಲೆಯೊಳಗಿನ ಒತ್ತಡ, ಇಂಥ ನಿರ್ದಿಷ್ಟ ಅನುಮಾನ ಇದ್ದರೆ ಮಾತ್ರ ಬೇರೆ ದಿನ ಅಥವಾ ದಾಖಲು ಮಾಡಿಕೊಂಡು ಮಾಡುತ್ತಾರೆ. ಸೂಜಿ ಹೋಗುವುದು ಸೊಂಟದ ಹತ್ತಿರ. ದೊಡ್ಡವರಲ್ಲಿ ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ಹಾಗಾಗಿ "ಬೆನ್ನುಹುರಿಗೆ ಚುಚ್ಚುತ್ತಾರೆ" ಅನ್ನುವುದು ಸುಳ್ಳು. ಆಮೇಲೆ ಕೆಲವರಿಗೆ ಕೆಲವು ದಿನ ತಲೆನೋವು ಬರುವುದು ನಿಜ.

ಈ ಭಯಕ್ಕಿಂತ ಮುಖ್ಯವಾದದ್ದು ಒಂದು. ಅಪಾಯಿಂಟ್‌ಮೆಂಟ್‌ಗೆ ಕಾಯಬಾರದ ಸಂಗತಿಗಳಿವೆ. ಕ್ಷಣಾರ್ಧದಲ್ಲಿ ಸಿಡಿಲು ಬಡಿದಂತೆ ಬರುವ, ಹಿಂದೆಂದೂ ಬಾರದಷ್ಟು ಜೋರಾದ ತಲೆನೋವು. ಇದ್ದಕ್ಕಿದ್ದ ಹಾಗೆ ಬಾಯಿ ಓರೆಯಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಕಾಣದಂತಾಗುವುದು. ಜ್ವರದ ಜೊತೆ ತಲೆನೋವು ಮತ್ತು ಕುತ್ತಿಗೆ ಬಿಗಿತ. ಇವಕ್ಕೆ ನೇರ ತುರ್ತು ಚಿಕಿತ್ಸಾ ಘಟಕ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಿ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಮಾತ್ರ. ಮಲಗಿ ಎದ್ದರೆ ಸರಿಹೋಗುತ್ತದೆ ಎಂದು ಕಾದವರು ಆ ಹೊತ್ತನ್ನು ಕಳೆದುಕೊಳ್ಳುತ್ತಾರೆ.

ನಿದ್ದೆಗೇಡಿ
ನನಗೆ ಮೊದಲ ಭೇಟಿಯಲ್ಲಿ ಕೊಟ್ಟ ಮಾತ್ರೆ ಹೆಸರು ಹುಡುಕಿದರೆ ಖಿನ್ನತೆಯ ಔಷಧಿ ಎಂದು ಬಂತು. ಅಮಿಟ್ರಿಪ್ಟಿಲಿನ್. ನಾನು ಹೋಗಿದ್ದು ತಲೆನೋವಿಗೆ! ಇದನ್ನು ಒಂದು ಮಾತು ಹೇಳಬಾರದಿತ್ತಾ? ನಾನು ತಿಂಗಳುಗಟ್ಟಲೆ ತೆಗೆದುಕೊಳ್ಳಲೇ ಇಲ್ಲ.

ಶ್ಯಾಮಲಕ್ಕ
ನನಗೂ ಅದೇ ಕೊಟ್ಟಿದ್ದು ತಮ್ಮಾ. ಮೈಗ್ರೇನ್ ತಡೆಯಲು, ನರದ ನೋವಿಗೆ ಅದನ್ನು ಕಡಿಮೆ ಡೋಸ್‌ನಲ್ಲಿ ತುಂಬಾ ಕಾಲದಿಂದ ಕೊಡುತ್ತಿದ್ದಾರೆ. ರಾತ್ರಿ ತೆಗೆದುಕೊಂಡರೆ ನಿದ್ದೆಯೂ ಬರುತ್ತದೆ, ಬಾಯಿ ಸ್ವಲ್ಪ ಒಣಗುತ್ತದೆ. ಇಂಥ ತಡೆಯುವ ಔಷಧಿಗಳು ಅವತ್ತೇ ಕೆಲಸ ಮಾಡುವುದಿಲ್ಲ, ಆರೆಂಟು ವಾರ ಬೇಕು. ಇದು ಗೊತ್ತಿಲ್ಲದೆ ಜನ ವಾರದಲ್ಲಿ ಬಿಟ್ಟುಬಿಡುತ್ತಾರೆ.

ಗುಡುಗು
ಅದು ಡಾಕ್ಟರು ಹೇಳಬೇಕಾದ ಮಾತು ಅಕ್ಕ, ನೀವಲ್ಲ. ರೋಗಿ ಯಾಕೆ ಹುಡುಕಾಡಬೇಕು?

ಶ್ಯಾಮಲಕ್ಕ
ಹೇಳಲೇಬೇಕು, ಒಪ್ಪಿದೆ. ಹೇಳದಿದ್ದರೆ ನಾವು ಕೇಳಬೇಕು. ಈ ಮಾತ್ರೆ ಯಾಕೆ, ಎಷ್ಟು ದಿನಕ್ಕೆ ಗುಣ ಕಾಣುತ್ತದೆ, ಅಡ್ಡಪರಿಣಾಮ ಏನು, ಯಾವಾಗ ಬಿಡಬೇಕು. ಕುರ್ಚಿಯಿಂದ ಏಳುವ ಮುಂಚೆ ಕೇಳಿ.

ಓಪಿಡಿ_ವೈದ್ಯೆ
ನೀವೂ ಕೆಲವು ವಿಷಯ ತಪ್ಪದೆ ಹೇಳಬೇಕು. ಆಸ್ತಮಾ ಇದ್ದರೆ ಹೇಳಿ, ಮೈಗ್ರೇನ್‌ಗೆ ಕೊಡುವ ಪ್ರೊಪ್ರನೊಲಾಲ್ ಅವರಿಗೆ ಆಗುವುದಿಲ್ಲ. ಕಿಡ್ನಿ ಕಲ್ಲು ಆಗಿದ್ದರೆ ಹೇಳಿ, ಮೈಗ್ರೇನ್‌ಗೇ ಕೊಡುವ ಟೊಪಿರಮೇಟ್ ಬರೆಯುವ ಮುಂಚೆ ಯೋಚಿಸುತ್ತಾರೆ. ಮಗು ಬೇಕು ಎಂಬ ಯೋಚನೆ ಇದ್ದರೆ ಖಂಡಿತ ಹೇಳಿ. ಫಿಟ್ಸ್, ಮೈಗ್ರೇನ್‌ಗೆ ಕೊಡುವ ವಾಲ್‌ಪ್ರೊಯೇಟ್‌ನಂಥ ಔಷಧಿ ಗರ್ಭದ ಮಗುವಿಗೆ ಅಪಾಯ. ಹಾಗೆಂದು ಈಗಾಗಲೇ ಅದನ್ನು ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸಬಾರದು, ಫಿಟ್ಸ್ ಮರಳಿ ಬರಬಹುದು. ಡಾಕ್ಟರನ್ನು ಕಂಡು ಬದಲಿಸಿ.

ಹೊಂಗೆನೆರಳು ಅವರೇ, ನೀವು ನೋವಿನ ಮಾತ್ರೆ ಎಷ್ಟು ತೆಗೆದುಕೊಳ್ಳುತ್ತೀರಿ?

ಹೊಂಗೆನೆರಳು
ವಾರದಲ್ಲಿ ನಾಲ್ಕೈದು ದಿನ ಆಗುತ್ತದೆ ಮೇಡಂ. ಅಂಗಡಿಯಲ್ಲಿ ಸಿಗುವ ಸಾದಾ ಮಾತ್ರೆ.

ಓಪಿಡಿ_ವೈದ್ಯೆ
ಇದನ್ನೇ ಮೊದಲು ಹೇಳಿ ಅವರಿಗೆ. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ ಅಥವಾ ಜಾಸ್ತಿ, ಮೂರು ತಿಂಗಳು ದಾಟಿ ತೆಗೆದುಕೊಂಡರೆ ಆ ಮಾತ್ರೆಯಿಂದಲೇ ತಲೆನೋವು ಹೆಚ್ಚಬಹುದು. ಟ್ರಿಪ್ಟಾನ್ (ಮೈಗ್ರೇನ್‌ಗೆಂದೇ ಇರುವ ಮಾತ್ರೆ) ಅಥವಾ ಎರಡು ಮೂರು ಔಷಧಿ ಸೇರಿಸಿದ ಬೆರಕೆ ಮಾತ್ರೆಯಾದರೆ ತಿಂಗಳಿಗೆ 10 ದಿನವೇ ಸಾಕು. ನಿಮಗೆ ಅದೇ ಆಗಿದೆ ಎಂದು ನಾನು ಇಲ್ಲಿಂದ ಹೇಳಲಾರೆ. ಆದರೆ ಸಂಕೋಚಪಟ್ಟು ಈ ಲೆಕ್ಕ ಮುಚ್ಚಿಡಬೇಡಿ. ಜೋಮು ಯಾವ ಬೆರಳುಗಳಲ್ಲಿ ಎಂಬುದನ್ನೂ ರಾತ್ರಿ ಎದ್ದಾಗಲೇ ಗಮನಿಸಿ ಬರೆದಿಡಿ. ಹೆಬ್ಬೆರಳ ಕಡೆಯೋ ಕಿರುಬೆರಳ ಕಡೆಯೋ ಎಂಬುದು ದೊಡ್ಡ ಸುಳಿವು.

ಹಳೇಪೆನ್ನು
ಮಾತ್ರೆಗಳ ಹೆಸರು ನೆನಪಿಟ್ಟುಕೊಳ್ಳುವ ಬದಲು ಅವುಗಳ ಖಾಲಿ ಸ್ಟ್ರಿಪ್‌ಗಳನ್ನೇ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಹಳೆಯ ರಕ್ತಪರೀಕ್ಷೆ ರಿಪೋರ್ಟ್‌ಗಳೂ ಇರಲಿ. ಬಿ12, ಥೈರಾಯ್ಡ್, ಸಕ್ಕರೆ ಹೇಗೂ ಕೇಳುತ್ತಾರೆ. ಹೇಳಬೇಕೆಂದಿರುವುದರಲ್ಲಿ ಮುಖ್ಯವಾದ ಎರಡು ಮೂರನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದುಕೊಳ್ಳಿ. ಒಳಗೆ ಹೋದ ಮೇಲೆ ಅದೇ ಮರೆಯುವುದು.

ಹೊಂಗೆನೆರಳು
ಹೋಗಿ ಬಂದೆ! ತಡವಾಗಿ ಬರೆಯುತ್ತಿದ್ದೇನೆ. ತಂಗಿಯನ್ನು ಕರೆದುಕೊಂಡು ಹೋಗಿದ್ದೆ, ಒಳ್ಳೆಯದಾಯಿತು, ಡಾಕ್ಟರು ಹೇಳಿದ್ದನ್ನು ಅವಳೇ ಬರೆದುಕೊಂಡಳು.

ನನ್ನ ಹಾಳೆ ನೋಡಿ ಡಾಕ್ಟರು ಮೊದಲು ಕೇಳಿದ್ದೇ ಮಾತ್ರೆ ಲೆಕ್ಕ. ತಲೆನೋವು ಮೈಗ್ರೇನೇ, ಅದರ ಮೇಲೆ ಮಾತ್ರೆ ಜಾಸ್ತಿಯಾಗಿ ಇಷ್ಟು ಬರುತ್ತಿದೆ ಎಂದರು. ನೋವಿನ ಮಾತ್ರೆ ಹೇಗೆ ಕಡಿಮೆ ಮಾಡಬೇಕು ಎಂದು ಬರೆದುಕೊಟ್ಟಿದ್ದಾರೆ. ಮೊದಲ ಕೆಲವು ದಿನ ನೋವು ಹೆಚ್ಚಾಗಬಹುದು, ಆಗ ಹೆದರಿ ಮತ್ತೆ ಶುರು ಮಾಡಬೇಡಿ ಎಂದರು. ಕಣ್ಣಿನ ಹಿಂಭಾಗ ನೋಡಿದರು, ಊತ ಇಲ್ಲ. ಸದ್ಯಕ್ಕೆ ತಲೆಗೆ ಸ್ಕ್ಯಾನ್ ಬೇಡವಂತೆ.

ಜೋಮು ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ. ಮಣಿಕಟ್ಟು ಬಗ್ಗಿಸಿ ಒಂದು ನಿಮಿಷ ಹಿಡಿಯಲು ಹೇಳಿದರು, ಅಷ್ಟರಲ್ಲೇ ಜೋಮು ಬಂತು. ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವುದು, ಇರಬಹುದು ಎಂದು ನರ್ವ್ ಕಂಡಕ್ಷನ್ ಟೆಸ್ಟ್ ಬರೆದಿದ್ದಾರೆ, ಥೈರಾಯ್ಡ್, ಸಕ್ಕರೆ ಪರೀಕ್ಷೆ ಕೂಡ. ಆ ಟೆಸ್ಟ್‌ನಲ್ಲಿ ಶಾಕ್ ಕೊಡುತ್ತಾರಂತೆ?

ದಾರಿಹೋಕ
ಅಂದರೆ ತಲೆ ಎಂಆರ್‌ಐ ಬೇಡವೇ ಆಯಿತು. ಒಳ್ಳೆಯದಾಯಿತು ಬಿಡಿ, ನನ್ನ ಮಾತು ಕೇಳಲಿಲ್ಲ.

ಅಲೆಗೆರೆ
ಇದರಲ್ಲಿ ನಿಜವಾಗಿಯೂ ಸಣ್ಣ ಶಾಕ್ ಇದೆ, ಸುಳ್ಳು ಹೇಳುವುದಿಲ್ಲ. ಚರ್ಮದ ಮೇಲಿಂದ ನರಕ್ಕೆ ಚಿಟಿಕೆ ಹೊಡೆದಂತೆ ಒಂದು ಕ್ಷಣ, ಬೆರಳು ತಾನಾಗಿ ಹಾರುತ್ತದೆ. ಸಂಕೇತ ಮಣಿಕಟ್ಟು ದಾಟುವಾಗ ನಿಧಾನವಾಗುತ್ತದಾ ಎಂದು ಅಳೆಯುತ್ತಾರೆ. ಕೆಲವರಿಗೆ ಜೊತೆಗೆ ಇಎಂಜಿ ಮಾಡುತ್ತಾರೆ, ಅದರಲ್ಲಿ ತೆಳುವಾದ ಸೂಜಿ ಸ್ನಾಯುವಿಗೆ ಹೋಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು. ಅವತ್ತು ಕೈಗೆ ಕ್ರೀಮ್, ಲೋಷನ್ ಹಚ್ಚಬೇಡಿ, ಉಂಗುರ, ಬಳೆ ಮನೆಯಲ್ಲೇ ಬಿಟ್ಟು ಬನ್ನಿ. ಕೈ ತಣ್ಣಗಿದ್ದರೆ ನರದ ವೇಗ ಕಡಿಮೆ ತೋರಿಸುತ್ತದೆ, ಅದಕ್ಕೇ ಲ್ಯಾಬಿನಲ್ಲಿ ಬಿಸಿ ಮಾಡಿಸುತ್ತಾರೆ.

ಮುಂಜಾವು
ನನ್ನ ಅತ್ತಿಗೆಗೆ ಬಸುರಿಯಾಗಿದ್ದಾಗ ಇದೇ ಜೋಮು ಬಂದಿತ್ತು. ಹೆರಿಗೆಯಾದ ಮೇಲೆ ಹೋಯಿತು. ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಮಲಗುತ್ತಿದ್ದಳು.

ಹೊಂಗೆನೆರಳು
ನನಗೂ ಅದೇ ಪಟ್ಟಿ ಹೇಳಿದ್ದಾರೆ. ಟೆಸ್ಟ್ ಆಗುವವರೆಗೆ ಹಾಕಿಕೊಳ್ಳಬಹುದಾ, ಅಥವಾ ಟೆಸ್ಟ್ ರಿಸಲ್ಟ್ ಕೆಡುತ್ತದಾ?

ಓಪಿಡಿ_ವೈದ್ಯೆ
ಧಾರಾಳವಾಗಿ ಹಾಕಿಕೊಳ್ಳಿ, ಅವರೇ ಹೇಳಿದ್ದಾರಲ್ಲ. ಮಣಿಕಟ್ಟು ನೇರವಾಗಿ ನಿಲ್ಲುವ ಹಾಗಿರಬೇಕು, ಬಿಗಿಯಾಗಿ ಕಟ್ಟಬಾರದು. ಟೆಸ್ಟ್ ದಿನ ಬಿಚ್ಚಿ ಹೋದರಾಯಿತು. ಹೆಬ್ಬೆರಳ ಬುಡದ ಮಾಂಸ ಕರಗಿದಂತೆ ಕಂಡರೆ ಅಥವಾ ಕೈಯಿಂದ ವಸ್ತು ಜಾರತೊಡಗಿದರೆ ಮುಂದಿನ ದಿನಾಂಕಕ್ಕೆ ಕಾಯದೆ ಅವರಿಗೆ ತಿಳಿಸಿ.